ನನ್ನ ಮಗ್ಗುಲಿಗೆ ಬಂದ ಗಾಂಜಾ ಗಿಡ

ಮದುವೆಯಾದಾಗಿನಿಂದ ನಾನು ಮಲಗುತ್ತಿದ್ದ ಮಗ್ಗುಲಿಗೆ ಗಾಂಜಾ ಗಿಡ ತಂದು ಕೂರಿಸಿದ ಮಹಾನುಭಾವ ನನ್ನ ಗಂಡ ಮರ್ಲ್. ಬೇರೆ ಹೆಂಗಸನ್ನು ಕರೆತಂದಿದ್ದರೆ ಜುಟ್ಟು ಹಿಡಿದು ಆಚೆ ಎಳೆಯಬಹುದಿತ್ತು. ಕುಂಡ ಎತ್ತಲು ನನ್ನ ಸೊಂಟ ಒಪ್ಪಬೇಕಲ್ಲ!

ಗಾಂಜಾ ಬೆಳೆಯಲು ಕಾನೂನಿನ ಅಡ್ಡಿಯಿಲ್ಲದ ಹಂಬೋಲ್ಟಿನ ಈ ಗುಡ್ಡಗಳಲ್ಲಿ ಕೊಯ್ಲಿನ ಹೊತ್ತಿಗೆ ಎಲ್ಲರೂ ಒಂದೊಂದು ಗಿಡ ಹೊತ್ತು ಅಯೋನಿಯ ಹೋಟೆಲಿನ ಮುಂದೆ ಸೇರುತ್ತೇವೆ. ಎಲ್ಲಕ್ಕಿಂತ ಚೆಂದದ ನೇರಳೆ ಬಣ್ಣದ ಗಿಡಕ್ಕೆ ಅಯೋನಿ ಬಹುಮಾನದ ರಿಬ್ಬನ್ ಕಟ್ಟುತ್ತಾಳೆ. ರಾತ್ರಿಯ ಚಳಿಗೆ ಗಿಡ ನೇರಳೆಗೆ ತಿರುಗಬೇಕು. ಈ ಸಲ ಅಕ್ಟೋಬರ್ ಬಂದರೂ ನಮ್ಮ ಕಣಿವೆಗೆ ಚಳಿ ಇಳಿಯಲಿಲ್ಲ. ಗುಡ್ಡದ ನೆತ್ತಿಯಲ್ಲಿರುವ ಸ್ಕೀಟರನ ಗಿಡಗಳು ಮಾತ್ರ ಬದನೆಕಾಯಿಯ ಹಾಗೆ ಮಿಂಚುತ್ತಿದ್ದವು. ಮರ್ಲ್‌ಗೆ ಹೊಟ್ಟೆ ಉರಿ ಹತ್ತಿಕೊಂಡಿತು. ನಮ್ಮ ಮನೆಗಿರುವುದು ಒಂದೇ ಎ.ಸಿ., ಅದರ ಗಾಳಿ ನೇರವಾಗಿ ಬೀಳುವುದು ಮಂಚದ ನನ್ನ ಮಗ್ಗುಲಿಗೆ.

"ಇದು ಇಲ್ಲಿದ್ರೆ ನಾನೆಲ್ಲಿ ಮಲ್ಕೊಳ್ಲೋ?"

"ಸೋಫಾ ಇದೆಯಲ್ಲ ರೋಂಡಾ. ನಿನ್ನ ಮೈ ಬಿಸಿ ಕಣೇ, ಬಣ್ಣ ಹಾಳಾಗತ್ತೆ."

"ನಿನ್ನ ಮೈಯೇನು ಮಂಜುಗಡ್ಡೆನಾ?"

ಅಯ್ಯೋ, ಯಾಕಾದರೂ ಕೇಳಿದೆನೋ! ಅಂದಿನಿಂದ ಆತ ಟಬ್ಬಿಗೆ ಐಸ್ ಸುರಿದು, ಅದರಲ್ಲಿ ಕೂತು, ಮೈ ತಣ್ಣಗಾದ ಮೇಲೆ ಹೋಗಿ ಗಿಡದ ಪಕ್ಕ ಮಲಗತೊಡಗಿದ. ಹೊದಿಕೆಯೂ ಇಲ್ಲ. ಅವನ ಹಲ್ಲು ಕಟಕಟ ಅನ್ನುವುದು ಸೋಫಾದವರೆಗೂ ಕೇಳುತ್ತಿತ್ತು. ಗೆದ್ದರೆ ಪ್ರತಿ ವರ್ಷವೂ ಮಂಚ ಗಿಡಕ್ಕೇ ಎಂದು ಬೇರೆ ಸಾರಿಬಿಟ್ಟ. ನನಗೆ ಅಳು ಬಂತು, ನಿಜ ಹೇಳುತ್ತೇನೆ. ಅದು ನನ್ನ ಜಾಗ.

ಸ್ಪರ್ಧೆಯ ದಿನ ಬಂತು. ನಮ್ಮ ಗಿಡ ಗಿಣಿಯಷ್ಟು ಹಸಿರಾಗಿತ್ತು.

ಅಯೋನಿ ಅದರ ಸುತ್ತ ಒಂದು ಸುತ್ತು ಬಂದಳು. "ಬೀಜ ಎಲ್ಲಿಂದ ತಂದ್ಯೋ ಮರ್ಲ್?"

"ಸ್ಕೀಟರ್ ಕೊಟ್ಟಿದ್ದು. ಅವನ ನೇರಳೆ ಗಿಡದ್ದೇ ಅಂದ್ಕೊಂಡೆ."

ಸ್ಕೀಟರ್ ಬಿದ್ದು ಬಿದ್ದು ನಕ್ಕ. "ಲೋ ಪೆದ್ದ, ನಿಂಗೆ ಕೊಟ್ಟಿದ್ದು ಬೇರೆ ತಳಿ! ತಳೀಲಿ ನೇರಳೆ ಇದ್ರೆ ತಾನೇ ಚಳಿ ಅದನ್ನ ಹೊರಗೆ ತರೋದು? ಇದನ್ನ ಫ್ರಿಜ್ಜಲ್ಲಿ ಇಟ್ಟಿದ್ರೂ ಅಷ್ಟೇ."

ಮರ್ಲ್ ತಲೆ ತಗ್ಗಿಸಿದ. ಅಯೋನಿ ಅವನ ಗಲ್ಲ ಹಿಡಿದೆತ್ತಿ ಬೆಳಕಿಗೆ ತಿರುಗಿಸಿದಳು. ತುಟಿ ನೇರಳೆ, ಮೂಗಿನ ತುದಿ ನೇರಳೆ, ಉಗುರೂ ನೇರಳೆ.

"ಇಲ್ಲಿರೋದ್ರಲ್ಲೆಲ್ಲ ಇದೇ ಚೆಂದದ್ದು," ಎಂದು ರಿಬ್ಬನ್ನನ್ನು ಅವನ ಕುತ್ತಿಗೆಗೆ ಕಟ್ಟಿಬಿಟ್ಟಳು. ಸ್ಕೀಟರನ ನಗು ಅಲ್ಲೇ ನಿಂತಿತು. ನನ್ನ ಗಂಡನಿಗೆ ನಾಚಿಕೆಯೇ? ಎದೆ ಉಬ್ಬಿಸಿ ಎಲ್ಲರ ಕೈ ಕುಲುಕಿದ.

ಮನೆಗೆ ಬಂದವಳೇ ಗಿಡವನ್ನು ಅವನ ಕೈಯಲ್ಲೇ ಹೊರಗೆ ಹಾಕಿಸಿದೆ. ಹಾಡುಹಗಲಲ್ಲೇ ನನ್ನ ಮಗ್ಗುಲಿಗೆ ಬಿದ್ದು, ಮನೆಯಲ್ಲಿದ್ದ ಹೊದಿಕೆಯನ್ನೆಲ್ಲ ಸುತ್ತಿಕೊಂಡೆ. ಆಹಾ, ಎಂಥ ಸುಖ! ಸ್ವಲ್ಪ ಹೊತ್ತಿಗೆ ಮರ್ಲ್ ರಿಬ್ಬನ್ ಸಮೇತ ಬಂದು ಪಕ್ಕದಲ್ಲಿ ಮುದುರಿಕೊಂಡ.

"ರೋಂಡಾ, ಹತ್ರ ಬಾರೇ. ಚಳಿ ತಡೆಯೋಕಾಗ್ತಿಲ್ಲ."

"ಬೇಡಪ್ಪಾ," ಎಂದೆ. "ನನ್ನ ಮೈ ಬಿಸಿ. ನಿನ್ನ ಬಣ್ಣ ಹಾಳಾಗತ್ತೆ."