ಎಳೆಸಬಾರದ ಕಾರು

ಕಾರಿನ ಕೀಲಿ ಕೊಡುವಾಗ ಗಂಗಾಶ್ರೀ ಅಣ್ಣನಿಗೆ ಹೇಳಿದ್ದು ಒಂದೇ ಮಾತು: ದಾರಿಯಲ್ಲಿ ನಿಂತರೆ ಯಾರ ಕೈಲೂ ಎಳೆಸಬೇಡ, ನನಗೆ ಫೋನ್ ಮಾಡು. ಮಹಾಂತೇಶ ಆಗಲಿ ಎಂದ. ಮಗನಿಗೆ ಹೆಣ್ಣು ನೋಡಲು ಸೊರಬಕ್ಕೆ ಹೊರಟವನ ಕಿವಿಗೆ ತಂಗಿಯ ಮಾತು ಎಷ್ಟು ಇಳಿದೀತು!

ಅವಳ ಎಡಗಾಲು ಚಿಕ್ಕಂದಿನಲ್ಲೇ ಸೋತದ್ದು, ಕ್ಲಚ್ ಒತ್ತಲಾರಳು. ಶಿರಾಳಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟ ಮೇಲೂ ಉಡುತಡಿಯಿಂದ ಹೋಗಿಬರಲು ಅಣ್ಣನ ಬೈಕೇ ಗತಿಯಾಗಿತ್ತು. ಮೆಕ್ಕೆಜೋಳ ಮುರಿಯುವ ಕಾಲ ಬಂತೆಂದರೆ ಅವನು ತಂಗಿಯನ್ನು ಮರೆತೇಬಿಡುತ್ತಿದ್ದ. ಅವಳು ಶಟರ್ ಎಳೆದು ಮೆಟ್ಟಿಲ ಮೇಲೆ ಕಾಯುತ್ತ ಕೂರುತ್ತಿದ್ದಳು. ಕೊನೆಗೆ ಹಳೆಯದೊಂದು ಆಟೋಮ್ಯಾಟಿಕ್ ಕಾರು ಕೊಂಡಳು. ಅದಕ್ಕೆ ಬಲಗಾಲೊಂದೇ ಸಾಕು. ಅಂಥ ಗೇರ್‌ಬಾಕ್ಸ್ ನಂಬಬಾರದು ಎಂದು ಊರೆಲ್ಲ ಬುದ್ಧಿ ಹೇಳಿತು. ಅವಳು ಹೊತ್ತುಹೊತ್ತಿಗೆ ಶಿವಮೊಗ್ಗಕ್ಕೆ ಒಯ್ದು ಗೇರ್ ಆಯಿಲ್ ಬದಲಿಸಿದಳು, ಕಾರು ಪೂರ್ತಿ ನಿಲ್ಲದೆ ಎಂದೂ ರಿವರ್ಸ್ ಹಾಕಲಿಲ್ಲ. ಅದೂ ಅವಳ ಕೈಬಿಡಲಿಲ್ಲ.

ಹೆಣ್ಣಿನ ಮನೆಯಲ್ಲಿ ಮಹಾಂತೇಶ ಕಾರು ತನ್ನದೇ ಎಂದ. ಗಂಡಿನ ಅಪ್ಪ ಅಂದ ಮೇಲೆ ಗತ್ತು ಬೇಡವೇ? ಬೆಳಗಿನ ಮಂಜಿಗೆ ಹಾಕಿದ ದೀಪ ಆರಿಸಲು ಮರೆತಿದ್ದ. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಬರುವಷ್ಟರಲ್ಲಿ ಬ್ಯಾಟರಿ ಇಳಿದಿತ್ತು. ಇನ್ನೊಂದು ಗಾಡಿಯ ಬ್ಯಾಟರಿಗೆ ಜೋಡಿಸುವ ವೈರು ಡಿಕ್ಕಿಯಲ್ಲೇ ಇತ್ತು. ಫೋನ್ ಮಾಡಿದ್ದರೆ ಗಂಗಾಶ್ರೀ ಹೇಳುತ್ತಿದ್ದಳು. ಆದರೆ ಬೀಗರಾಗುವವರ ಎದುರು ನಿಂತು ಹೆಂಗಸನ್ನು ಗಾಡಿಯ ವಿಷಯ ಕೇಳುವುದೇ? ಅವರೋ ಮರ್ಯಾದಸ್ಥರು, ಹಾಗೇ ಗಂಡಿನ ಮನೆಯನ್ನೂ ನೋಡಿದಂತಾಯಿತು ಎಂದು ತಮ್ಮ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. ಬೇಡ ಎನ್ನಲು ಮಹಾಂತೇಶನಿಗೆ ನಾಲಿಗೆ ಏಳಲಿಲ್ಲ. ನ್ಯೂಟ್ರಲ್‌ಗೆ ಹಾಕಿ, ಸ್ಟೇರಿಂಗ್ ಹಿಡಿದು ಕೂತ. ಮೆರವಣಿಗೆ ಉಡುತಡಿಯವರೆಗೂ ಬಂತು.

ಎಂಜಿನ್ ಓಡದೆ ಆ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಯುವುದಿಲ್ಲ. ಚಕ್ರ ಉರುಳಿದಷ್ಟೂ ಒಳಗಿನದೆಲ್ಲ ಒಣಒಣ ಉಜ್ಜಿ ಸುಟ್ಟಿತ್ತು. ಬ್ಯಾಟರಿ ಹಾಕಿದ ಮೇಲೆ ಎಂಜಿನ್ ಕೂಗಿತು, ಕಾರು ಮಾತ್ರ ಜಗ್ಗಲಿಲ್ಲ. ಶಿವಮೊಗ್ಗದ ಮೆಕ್ಯಾನಿಕ್ ಬಿಚ್ಚಿ ನೋಡಿ, ಇದನ್ನು ಸರಿಮಾಡಿಸುವುದಕ್ಕಿಂತ ಇನ್ನೊಂದು ಕಾರು ಕೊಳ್ಳುವುದೇ ಮೇಲು ಎಂದ. ಇನ್ನೊಂದು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಸಂಬಂಧ ಕೂಡಿದ ಖುಷಿಯಲ್ಲಿ ಮಹಾಂತೇಶ ತಂಗಿಗೇ ಸಮಾಧಾನ ಹೇಳಿದ.

"ಆಟೋಮ್ಯಾಟಿಕ್ ನಂಬಂಗಿಲ್ಲ ಅಂತ ಆಗ್ಲೇ ಹೇಳಿರ್ಲಿಲ್ಲೇನು? ಹೋಗ್ಲಿ ಬಿಡವ್ವ. ನಿಂಗೆ ಗಾಡಿ ಯಾಕೆ, ನಾನಿಲ್ಲೇನು?"

"ಇದೀಯಣ್ಣ. ಆದ್ರೆ ಆ ಗಾಡಿ ಒಂದಿನಾನೂ ನನ್ನ ಕಾಯಿಸಿರ್ಲಿಲ್ಲ."

ಅವನು ನಕ್ಕುಬಿಟ್ಟ.

ಮರುವಾರದ ಸಂಜೆ ಶಟರ್ ಎಳೆದು ಅವಳು ಮೆಟ್ಟಿಲ ಮೇಲೆ ಕೂತಳು. ಅಕ್ಕಪಕ್ಕದ ಅಂಗಡಿಗಳೂ ಮುಚ್ಚಿದವು. ಫೋನ್ ಮಾಡಿದರೆ ಅಣ್ಣನ ಹಿಂದೆ ನಗು, ತಟ್ಟೆಗಳ ಸದ್ದು.

"ಬೀಗರು ಬಂದಾರವ್ವ. ಸ್ವಲ್ಪ ತಡ ಆಗ್ತದೆ, ಅಲ್ಲೇ ಕೂತಿರು."

ಅವಳು ಕೂತೇ ಇದ್ದಳು.