ದಪ್ಪ ಎಣ್ಣೆ

ಪರಶುರಾಮ ತಂಬಿಗೆಯ ನೀರಿಗೆ ಬೆರಳಿಟ್ಟು ಬಿಸಿ ನೋಡಿ, ರಾಜಪ್ಪನ ಎದೆಯ ಮೇಲೆ ಹೊಯ್ದ.

"ಹೆಣಕ್ಕ ಬಿಸಿ ಏನು, ತಂಪ ಏನು? ಲಗೂ ಹಾಕೋ," ಎಂದರು ಹಿರಿಯರೊಬ್ಬರು.

ಪರಶುರಾಮ ಇನ್ನೊಂದು ತಂಬಿಗೆ ತುಂಬಿಕೊಂಡ. ಮೂರು ದಿನ ದವಾಖಾನೆಗೆ ಅಲೆದು ಕಾಲು ಸೋತಿದ್ದವು. ರಾಜಪ್ಪ ಮೂಡಲಗಿಯಲ್ಲಿ ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದವನು. ಅವನ ಕೈಕೆಳಗೇ ಪರಶುರಾಮ ಕೆಲಸ ಕಲಿತಿದ್ದ.

ಸ್ನಾನ ಮುಗಿಸಿ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದರು. ಮೇಲವಂಕಿಯಿಂದ ಹಾಲು ತರುವ ಮಹಾಂತೇಶ ಬಂದು ಹಾರ ಹಾಕಿದ.

"ದೇವರಂಥಾ ಮನಷಾ. ಆದ್ರ ಕಡೀಕ ಯಾವ ಗಾಡಿಗೆ ಯಾವ ಎಣ್ಣಿ ಅನ್ನೂದ ಮರ್ತ ಬಿಟ್ಟಿದ್ದ ನೋಡ್ರಿ. ನನ್ನ ಹೊಸಾ ಗಾಡಿ ಎಂಜಿನ್ ಹಾಳಾತು."

ರಾಜಪ್ಪನ ಹೆಂಡತಿ ಯಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಖರೆ ಐತ್ರಿ. ಕಣ್ಣ ಕಾಣವಲ್ಲವಾಗಿದ್ವು."

ಪರಶುರಾಮ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟ.

*

ನಾಲ್ಕು ವರ್ಷದ ಹಿಂದೆ ಮಹಾಂತೇಶನ ಬೈಕಿಗೆ ಎಂಜಿನ್ ಎಣ್ಣೆ ಹಾಕಿದವನು ಪರಶುರಾಮ. ಅದಕ್ಕೆ ಹಾಕಬೇಕಾದದ್ದು ಟೆನ್ ಡಬ್ಲ್ಯೂ ಥರ್ಟಿ ಎಂಬ ತೆಳು ಎಣ್ಣೆ. ಹಾಲಿನ ಕ್ಯಾನು ಹೊರುವ ಗಾಡಿ, ದಪ್ಪ ಎಣ್ಣೆಯೇ ಇರಲಿ ಎಂದು ಇವನು ಟ್ವೆಂಟಿ ಡಬ್ಲ್ಯೂ ಫಿಫ್ಟಿ ಸುರಿದಿದ್ದ. ಚಳಿಗಾಲದ ನಸುಕಿನಲ್ಲಿ ಮಹಾಂತೇಶ ಗಾಡಿ ಚಾಲೂ ಮಾಡಿದೊಡನೆ ಓಡಿಸುತ್ತಿದ್ದ. ದಪ್ಪ ಎಣ್ಣೆ ಮೇಲೇರುವ ಮೊದಲೇ ಎಂಜಿನ್ ಎಣ್ಣೆ ಸಿಗದೆ ತಿಕ್ಕಿ ಸವೆಯುತ್ತಿತ್ತು. ಚಳಿಗಾಲ ಮುಗಿಯುವಷ್ಟರಲ್ಲಿ ಕಟಕಟ ಸದ್ದು ಶುರುವಾಯಿತು.

"ಯಾಂವ ಹಾಕಿದ್ದು?" ಮಹಾಂತೇಶ ಗ್ಯಾರೇಜಿನ ಮುಂದೆ ನಿಂತು ಕೂಗಿದ.

ಪರಶುರಾಮ ತಗ್ಗಿಸಿದ ತಲೆ ಎತ್ತಲಿಲ್ಲ.

"ನಾನರೀ," ಎಂದ ರಾಜಪ್ಪ. "ಡಬ್ಬಿ ಮ್ಯಾಲಿನ ಅಂಕಿ ಕಾಣಲಿಲ್ಲ."

ಮಹಾಂತೇಶ ಹೋದ ಮೇಲೆ ರಾಜಪ್ಪ ಬೈಯಲಿಲ್ಲ, ಎರಡು ಡಬ್ಬಿ ಮುಂದಿಟ್ಟ. "ಮೊದಲಿನ ಅಂಕಿ ಚಳ್ಯಾಗ ಎಣ್ಣಿ ಎಷ್ಟ ಲಗೂ ಹರೀತೈತಿ ಅನ್ನೂದು. ಸಣ್ಣದಿದ್ದಷ್ಟೂ ಲಗೂ. ಹಿಂದಿಂದು ಎಂಜಿನ್ ಕಾದ ಮ್ಯಾಲ ಎಷ್ಟ ದಪ್ಪ ಉಳೀತೈತಿ ಅನ್ನೂದು. ನಿನ್ನ ಮನಸಿಗೆ ಬಂದದ್ದಲ್ಲೋ, ಗಾಡಿ ಪುಸ್ತಕದಾಗ ಇದ್ದದ್ದು ಹಾಕು."

ಸುದ್ದಿ ಊರೂರು ತಿರುಗಿತು. ಬಂದವರೆಲ್ಲ, "ಮುದುಕ ಮುಟ್ಟೂದು ಬ್ಯಾಡ, ನೀನ ಮಾಡು," ಎನ್ನತೊಡಗಿದರು. ರಾಜಪ್ಪ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತುಬಿಟ್ಟ. ಪಾನಾ ಹಿಡಿದು ನಟ್ಟು ಬಿಚ್ಚುವ ಕೆಲಸವಿಲ್ಲದೆ ಮೈ ಇಳಿದುಹೋಯಿತು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಪರಶುರಾಮ ದಿನ ನೂಕಿದ.

*

"ಎಣ್ಣಿ ನಾ ಹಾಕಿದ್ನಿ," ಎಂದ ಪರಶುರಾಮ.

ಹೆಣದ ಸುತ್ತ ನೆರೆದ ಮಂದಿ ತಿರುಗಿ ನೋಡಿದರು.

"ರಾಜಪ್ಪ ಕಾಕಾನ ಕಣ್ಣು ಚಲೋ ಇದ್ವು. ನನ್ನ ತಪ್ಪು ತನ್ನ ಮ್ಯಾಲ ಹಾಕ್ಕೊಂಡ."

ಮಹಾಂತೇಶನ ಮುಖ ಇಳಿಯಿತು. "ಏಳೂರಾಗ ಹೇಳ್ಕೊಂತ ಅಡ್ಡಾಡಿದ್ನಲ್ಲೋ ಮಾರಾಯಾ!"

ಯಲ್ಲವ್ವ ಪರಶುರಾಮನನ್ನೇ ನೋಡಿದಳು. "ಹ್ವಾದ ವಾರ ಮಂದಿ ಮುಂದ ಹೇಳಿದ್ರೂ ನಮ್ಮ ಮನಿಯವರು ಕೇಳಿ ಹೋಗತಿದ್ರಲ್ಲೋ," ಎಂದಳು.

ಅವನು ಬಾಗಿಲಾಚೆ ಸರಿದ.

ಚಟ್ಟ ಎತ್ತುವ ಹೊತ್ತಾಯಿತು. ಮಹಾಂತೇಶ ಚಪ್ಪಲಿ ಬಿಟ್ಟು ಮುಂದೆ ಹೆಗಲು ಕೊಟ್ಟ. ಪರಶುರಾಮ ದೂರವೇ ನಿಂತಿದ್ದ.

"ಹೋಗು," ಎಂದಳು ಯಲ್ಲವ್ವ. "ನಮ್ಮ ಮನಿಯವರೇನು ನಿನಗ ಬ್ಯಾಡ ಅನ್ನಾಂಗಿಲ್ಲ."

ಅವನು ನುಸುಳಿ ಹಿಂದಿನ ಬಿದಿರಿನ ಕೆಳಗೆ ನಿಂತ. ಉಳಿದ ಮೂವರೂ ಅವನಿಗಿಂತ ಎತ್ತರದವರು, ಬಿದಿರು ಅವನ ಹೆಗಲಿಗೆ ತಾಗಲೇ ಇಲ್ಲ. ಸುಡುಗಾಡಿನ ತನಕ ಒಂದು ಕೈ ಮೇಲೆತ್ತಿ ಅದನ್ನು ಮುಟ್ಟಿಕೊಂಡೇ ನಡೆದ.