ಉಂಬಳಿ ಹೊಲದ ಮಜ್ಜಿಗೆ

ಲಕ್ಷ್ಮೇಶ್ವರದ ಮಾರ್ತಾಂಡರಾಯರಿಗೆ ಇದ್ದದ್ದು ನಾಲ್ಕೇ ಎಕರೆ ಎರೆಹೊಲ. ಅದರ ಮೇಲಿನ ಜಂಬ ಮಾತ್ರ ನಲವತ್ತು ಎಕರೆಯಷ್ಟು. ಯಾರೇ ಸಿಗಲಿ, “ನಮ್ಮದು ಕೊಂಡ ಹೊಲ ಅಲ್ಲಪಾ, ಉಂಬಳಿ. ರಾಜರು ನಮ್ಮ ಮನಿತನಕ್ಕ ಉಣ್ಣಲಿಕ್ಕೆ ಕೊಟ್ಟದ್ದು” ಎನ್ನುವರು. ಆ ಉಣ್ಣುವ ಕೆಲಸವನ್ನು ರಾಯರು ಒಂದು ದಿನವೂ ತಪ್ಪಿಸಿದವರಲ್ಲ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮರುವರ್ಷ ಉಂಬಳಿಗಳ ವಿಚಾರಣೆ ಶುರುವಾಯಿತು. ರಾಯರು ರುಮಾಲು ಸುತ್ತಿಕೊಂಡು ಚಾವಡಿಗೆ ಹೋದರು. ಅಧಿಕಾರಿ ಹಳೆಯ ಸನದು ಓದಿ ತಲೆ ಎತ್ತಿದ.

“ಇದು ಪುಕ್ಕಟೆ ಕೊಟ್ಟದ್ದಲ್ಲರಿ. ಯುಗಾದಿಯಿಂದ ಮಳಿ ಹಿಡಿಯೋತನಕ ದಾರಿಹೋಕರಿಗೆ ಮಜ್ಜಿಗಿ ಹಾಕಬೇಕಂತ ಬರದದ. ಸೇವಾ ನಡದಿದ್ರ ಹೊಲ ನಿಮ್ಮದು, ನಿಂತಿದ್ರ ಸರಕಾರದ್ದು. ನಡಸೀರೇನು?”

ರಾಯರ ಅಜ್ಜ ಮಜ್ಜಿಗೆ ಹಾಕಿಸುತ್ತಿದ್ದ ಅರವಟಿಗೆ ಅವರ ತಂದೆಯ ಕಾಲಕ್ಕೇ ಮುಚ್ಚಿತ್ತು. ಹೂಂ ಎಂದುಬಿಡಬಹುದಿತ್ತು, ಆದರೆ ಅರ್ಧ ಊರೇ ಅಲ್ಲಿ ಕೂತಿತ್ತು. ಈ ಹೊಲ ಹೋದರೆ ಬೇರೆ ದಿಕ್ಕಿಲ್ಲವೆಂದು ಗೊತ್ತಿದ್ದರೂ, “ಇಲ್ಲರಿ” ಎಂದರು.

“ನಡದೈತ್ರೀ ಸಾಹೇಬ್ರ!” ಎಂದು ಹಿಂದಿನಿಂದ ಗಾಡಿ ಹೊಡೆಯುವ ದ್ಯಾಮಪ್ಪ ಎದ್ದು ನಿಂತ. “ಮೂವತ್ತು ವರ್ಷಾತು, ಪ್ರತಿ ಬ್ಯಾಸಗಿ ಹಿತ್ತಲ ಬಾಗಲದಾಗ ಅವ್ವಾರು ಮಜ್ಜಿಗಿ ಹಾಕ್ತಾರ. ರಾಯರು ಉಂಡು ಮಕ್ಕೊಂಡ ಮ್ಯಾಲೆ. ‘ಗದ್ಲ ಮಾಡಬ್ಯಾಡ್ರಿ, ಎದ್ದಾರು’ ಅಂತಾರ.”

“ನಾನೂ ಕುಡದೇನ್ರಿ” ಎಂದ ಬಳೆ ಮಾರುವ ನಿಜಾಮುದ್ದೀನ. ನೋಡನೋಡುತ್ತ ಇಪ್ಪತ್ತು ಕೈ ಮೇಲೆದ್ದವು. ಚಾವಡಿಯೆಲ್ಲ ನಕ್ಕಿತು. ಗೊತ್ತಿಲ್ಲದೆ ಉಳಿದವರು ರಾಯರೊಬ್ಬರೇ!

ಸೇವೆ ನಡೆಸುವವರು ರಾಯರ ಹೆಂಡತಿ ಪದ್ಮಾಬಾಯಿ ಎಂದು ಅಧಿಕಾರಿ ಬರೆದುಕೊಂಡ. ಹೊಲ ಉಳಿಯಿತು.

ರಾಯರು ಬಿರಬಿರನೆ ಮನೆಗೆ ಬಂದು ಹೆಂಡತಿಯನ್ನು ಕೇಳಿದರು, “ಮೂವತ್ತು ವರ್ಷ ನನಗೊಂದು ಮಾತು ಹೇಳಬಾರದಿತ್ತೇನ?”

“ನಿಮ್ಮ ಅವ್ವ ಸಾಯೋ ಮುಂದ ಹೇಳಿದ್ರು, ಆ ಹೊಲದ ಅನ್ನ ಉಣ್ಣೋದಾದ್ರ ಮಜ್ಜಿಗಿ ತಪ್ಪಸಬ್ಯಾಡಂತ. ನಿಮಗ ಹೇಳಿದ್ರ ಬ್ಯಾಡ ಅಂತಿದ್ರಿ” ಎನ್ನುತ್ತ ಪದ್ಮಾಬಾಯಿ ಎಲೆ ಹಾಕಿದರು.

ರಾಯರು ಕುಳಿತರು. ಕಡೆಗೆ ಬಂದ ಮಜ್ಜಿಗೆ ಎಂದಿನಂತೆ ಬರೀ ನೀರು. ಬೇಸಿಗೆಯುದ್ದಕ್ಕೂ ಇದಕ್ಕಾಗಿ ಆಕೆಯನ್ನು ಎಷ್ಟು ಬಯ್ದಿದ್ದೇನೆಂದು ನೆನೆದು ಅವರಿಗೆ ನಾಚಿಕೆಯಾಯಿತು.

“ನಿಂದು ಊಟ ಆತೇನ?” ಎಂದು ಕೇಳಿದರು.

ಪದ್ಮಾಬಾಯಿ ಸೌಟು ಹಿಡಿದು ಹಾಗೇ ನಿಂತರು. ಆ ಮನೆಗೆ ಬಂದಾಗಿನಿಂದ ಈ ಮಾತನ್ನು ಅವರು ಕೇಳಿಸಿಕೊಂಡದ್ದು ಅದೇ ಮೊದಲು.